ನಿರಿಗೆ ಹಾಕಿದ ಚೀಲ

ಬಸವಕಲ್ಯಾಣ
11 ಫೆಬ್ರವರಿ 1963

ತಂಗಿ ಗಿರಿಜಾ,

ಅಣ್ಣನ ಅಕ್ಷರ ಕಂಡು ಎದೆ ಹಿಡಿದುಕೊಂಡು ಕೂಡಬೇಡ. ಇಲ್ಲಿ ಎಲ್ಲರೂ ಗಟ್ಟಿಯಾಗಿದ್ದೇವೆ, ಅವ್ವನ ಬಾಯಿ ಎಲ್ಲರಿಗಿಂತ ಗಟ್ಟಿ. ನಾನು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡದ ಒತ್ತು ದೀರ್ಘ ತಪ್ಪಿದರೆ ನೀನೊಬ್ಬಳೇ ನಗು, ನಿನ್ನ ಯಜಮಾನರು ವೈಜನಾಥರಿಗೆ ತೋರಿಸಿ ನಗಬೇಡ.

ಸಂಕ್ರಾಂತಿಗೆ ಹುಮನಾಬಾದಕ್ಕೆ ಬಂದು ಹೋದಂದಿನಿಂದ ಅವ್ವನದು ಒಂದೇ ಜಪ. "ಪೋರಿ ಕೆಮ್ಮಾಕತ್ತಾಳ. ಗಂಡನ ದಾಲ್ ಮಿಲ್ಲಿನ ಧೂಳೆಲ್ಲಾ ಆಕಿ ಎದಿಯಾಗ ಹೋಗಿ ಕುಂತದ. ಊರ ಮಂದಿ ಪಂಖಾ, ಹೊಲಿಗಿ ಮಶಿನ್ ಎಲ್ಲಾ ರಿಪೇರಿ ಮಾಡ್ತಿ, ಒಡಹುಟ್ಟಿದಾಕಿ ಉಸಿರು ರಿಪೇರಿ ಮಾಡಾಕ ಬರಂಗಿಲ್ಲೇನು ನಿನಗ?" ಎಂದು ನಾನು ಊಟಕ್ಕೆ ಕೂತಾಗಲೇ ಕೇಳುತ್ತಾಳೆ. ತುತ್ತು ಇಳಿಯುವುದು ಹೇಗೆ?

ಈಗ ಕೇಳು. ಹೋದ ವಾರ ಹೈದರಾಬಾದಿನ ಒಬ್ಬ ದೊಡ್ಡ ಸಾಹೇಬರ ಬಂಗಲೆಗೆ ರಿಪೇರಿಗೆ ಹೋಗಿದ್ದೆ. ಅಲ್ಲಿ ವಿಲಾಯತಿಯ ಒಂದು ಯಂತ್ರ, ಧೂಳು ಹೀರುವಂಥದು, ಕೆಟ್ಟು ಕೂತಿತ್ತು. ಬಿಚ್ಚಿದೆ. ಒಳಗೆ ಏನಿರಬೇಕು ಹೇಳು? ಒಂದು ಪಂಖ, ಅದರ ಮುಂದೆ ಒಂದು ಚೀಲ. ಪಂಖ ಗಾಳಿಯನ್ನು ಎಳೆಯುತ್ತದೆ, ಚೀಲ ಧೂಳನ್ನು ಹಿಡಿದು ಗಾಳಿಯನ್ನಷ್ಟೇ ಬಿಡುತ್ತದೆ. ಇಷ್ಟಕ್ಕೆ ವಿಲಾಯತಿ ಯಾಕೆ ಬೇಕು? ಮತ್ತೆ ಜೋಡಿಸಿ ಚಾಲೂ ಮಾಡಿದಾಗ ಅದರ ಕೊಳವೆ ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಜಮಖಾನಕ್ಕೆ ಅಂಟಿಕೊಂಡಿತು. ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಅದರ ಗುಂಯ್‌ಗುಟ್ಟುವಿಕೆಯೇ ಕಿವಿಯಲ್ಲಿ. ನಿಮ್ಮ ಮಿಲ್ಲಿಗೆ ಆಗುವಷ್ಟು ದೊಡ್ಡದನ್ನು ಮಾಡುತ್ತೇನೆ, ನೋಡುತ್ತಿರು.

ನೀನು ಕೆಮ್ಮುತ್ತೀಯೋ ಇಲ್ಲವೋ, ಒಂದು ಸಾಲು ನಿಜ ಬರೆ.

ನಿನ್ನ ಅಣ್ಣ
ತುಳಜಾರಾಮ

ಹುಮನಾಬಾದ
2 ಮಾರ್ಚ್ 1963

ಅಣ್ಣಾ,

ನಕ್ಕೆ, ಒಬ್ಬಳೇ ನಕ್ಕೆ. ಕೆಮ್ಮು ಅಂದರೆ ಅವ್ವನ ಎದುರು ಎರಡು ಸಲ ಕೆಮ್ಮಿದ್ದು, ಅಷ್ಟೇ. ಆಕೆ ಹನಿ ಬಿದ್ದರೆ ಹೊಳೆ ಬಂತು ಅನ್ನುವವಳು.

ಧೂಳು ನಿನಗೆ ವೈರಿ, ನನಗೆ ದಿನದ ಜೊತೆಗಾತಿ. ಬೆಳಿಗ್ಗೆ ತೊಗರಿ ಒಡೆಯತೊಡಗಿದರೆ ಮಿಲ್ಲಿನ ತಗಡಿನ ತೂತುಗಳಿಂದ ಬಿಸಿಲ ಕೋಲು ಇಳಿಯುತ್ತವೆ, ಹಳದಿ ಹುಡಿ ಅದರಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ಮೂಟೆ ಹೊರುವ ಹಮಾಲರು ಅದರೊಳಗೆ ಹೋಗಿ ಕಾಣದಾಗುತ್ತಾರೆ, ಆಮೇಲೆ ಬಂಗಾರ ಬಳಿದುಕೊಂಡು ಆಚೆ ಹೊರಗೆ ಬರುತ್ತಾರೆ. ಮಧ್ಯಾಹ್ನ ಮಿಲ್ಲು ನಿಲ್ಲುತ್ತದಲ್ಲ, ಆಗಿನ ಶಾಂತಿಗೆ ನನಗೆ ಕೂತಲ್ಲೇ ಜೊಂಪು. ಆ ಗಳಿಗೆಯಲ್ಲಿ ಬೀಳುವ ಕನಸುಗಳನ್ನು ಹೇಳಿದರೆ ನೀನು ನನ್ನನ್ನು ದರ್ಗಾಕ್ಕೆ ಕರೆದೊಯ್ದು ತಾಯತ ಕಟ್ಟಿಸುತ್ತೀ.

ನಿನ್ನ ಕಾಗದದ ಸುದ್ದಿ ಇವರಿಗೆ ಹೇಳಿದೆ. "ನಿಮ್ಮಣ್ಣ ಕರೆಂಟಿನ ಕಸಬರಗಿ ಮಾಡಾಕತ್ತಾನೇನು? ಮಾಡ್ಲಿ, ಮಾಡ್ಲಿ!" ಎಂದು ನಕ್ಕರು. ಆದರೆ ಪಂಖದ ಅಳತೆ ಎಷ್ಟು ಅಂತ ಎರಡು ಸಲ ಕೇಳಿದರು. ನಿನ್ನ ಮೇಲೆ ಅಭಿಮಾನವಿದೆ, ತೋರಿಸುವುದಿಲ್ಲ.

ನಿನ್ನ ತಂಗಿ
ಗಿರಿಜಾ

ಬಸವಕಲ್ಯಾಣ
19 ಜನವರಿ 1964

ಗಿರಿಜಾ,

ಯಂತ್ರವಾಯಿತು, ಆದರೆ ಆಗಲಿಲ್ಲ. ನಿಮ್ಮ ಮಿಲ್ಲಿನಿಂದ ಎರಡು ಮೂಟೆ ಹೊಟ್ಟಿನ ಧೂಳು ತರಿಸಿ ಅಂಗಡಿಯ ನೆಲಕ್ಕೆ ಸುರಿದೆ. ಚಾಲೂ ಮಾಡಿದೆ. ಆಹಾ, ಹುಲಿ ಹಾಗೆ ಎಳೆಯಿತು! ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟರಲ್ಲಿ ಬೆಕ್ಕಾಯಿತು. ಬಿಚ್ಚಿ ನೋಡಿದರೆ ಚೀಲದ ಒಳಮೈಗೆ ಧೂಳು ಸುಣ್ಣ ಬಳಿದ ಹಾಗೆ ಕೂತು ಉಸಿರು ಕಟ್ಟಿದೆ. ಬಂಗಲೆಯ ಜಮಖಾನದ ಧೂಳಿಗೆ ಆ ಚೀಲ ಸಾಕು, ತೊಗರಿಯ ಧೂಳಿಗೆ ಸಾಲದು. ಖಾದಿ ಅರಿವೆ ಹಾಕಿದೆ, ದಪ್ಪ ಮಾಂಜರಪಾಟ ಹಾಕಿದೆ, ತೆಳ್ಳನೆಯ ಮಲ್ಲು ಹಾಕಿದೆ. ಎಲ್ಲದಕ್ಕೂ ಅದೇ ಗತಿ. ದೊಡ್ಡ ಚೀಲ ಹಾಕೋಣವೆಂದರೆ ಒಂದು ಕೋಣೆಯಷ್ಟು ದೊಡ್ಡದು ಬೇಕು.

"ಮಂದೀದು ನೋಡಿ ಮಾಡಿದ ಅಡಿಗ್ಯಾಗ ಉಪ್ಪು ಇರಂಗಿಲ್ಲಪಾ" ಅಂದಳು ಅವ್ವ. ಸಿಟ್ಟು ಬಂತು, ಮಾತು ಖರೆಯಾಗಿದ್ದಕ್ಕೆ ಇನ್ನಷ್ಟು ಬಂತು.

ತುಳಜಾರಾಮ

ಹುಮನಾಬಾದ
8 ಫೆಬ್ರವರಿ 1964

ಅಣ್ಣಾ,

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಗಂಟು ಬಿಚ್ಚುವ ಮೊದಲು ಕಾಗದ ಓದು.

ಮೊನ್ನೆ ಮಿಲ್ಲು ನಿಂತ ಹೊತ್ತಿನಲ್ಲಿ ಕನಸು ಬಿತ್ತು. ನಮ್ಮ ಅಂಗಳದ ಹಗ್ಗದ ಮೇಲೆ ಅವ್ವನ ಒಂಬತ್ತು ಗಜದ ಸೀರೆ. ಉಟ್ಟವರು ಯಾರೂ ಇಲ್ಲ, ಆದರೂ ನಿರಿಗೆ ಹಿಡಿದೇ ನಿಂತಿದೆ. ಕೆಂಪು ಧೂಳಿನ ಗಾಳಿ ಬಂತು. ಸೀರೆ ಉಸಿರಾಡಾಕತ್ತಿತು ಅಣ್ಣಾ! ಉಸಿರು ಎಳೆದಾಗ ನಿರಿಗೆ ಒಂದಕ್ಕೊಂದು ಕೂಡುತ್ತವೆ, ಬಿಟ್ಟಾಗ ಬಿಚ್ಚಿಕೊಳ್ಳುತ್ತವೆ. ಬಿಚ್ಚಿದಾಗೊಮ್ಮೆ ಧೂಳು ತಾನೇ ಪಾದದ ಹತ್ತಿರ ಉದುರುತ್ತದೆ. ಸೀರೆ ಮಾತ್ರ ಈಗ ಒಗೆದ ಹಾಗಿದೆ. ನನಗೆ ಎಷ್ಟು ಹಿತವಾಯಿತೆಂದರೆ ಎಚ್ಚರವಾದಾಗ ಅಳು ಬಂತು.

ಎದ್ದವಳೇ ಹಳೆಯ ಸೀರೆ ಹರಿದು ಚೀಲಕ್ಕೆ ಸುತ್ತಲೂ ನಿರಿಗೆ ಹಾಕಿ ಹೊಲಿದೆ. ನಿನಗೆ ದೊಡ್ಡ ಕೋಣೆ ಯಾಕೆ ಬೇಕು? ಒಂಬತ್ತು ಗಜ ಅರಿವೆಯನ್ನು ನಾವು ಹೆಣ್ಣುಮಕ್ಕಳು ಒಂದು ಸೊಂಟದಲ್ಲಿ ಹಿಡಿಸುವುದಿಲ್ಲವೇ? ಚೀಲದ ತಲೆಗೆ ಒಂದು ಸಲಾಕೆ ಕಟ್ಟು. ಪಂಖ ನಿಲ್ಲಿಸಿ ಸಲಾಕೆ ಎತ್ತಿದರೆ ನಿರಿಗೆ ಬಿಚ್ಚಿ ಧೂಳು ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ನನ್ನ ಕನಸಿನ ತಪ್ಪು.

ಗಿರಿಜಾ

ಬಸವಕಲ್ಯಾಣ
12 ಡಿಸೆಂಬರ್ 1964

ಗಿರಿಜಾ,

ಇವತ್ತು ಯಂತ್ರದ ಅರ್ಜಿ ಕಲ್ಕತ್ತೆಗೆ ಹೋಯಿತು! ನಿನ್ನ ಅಣ್ಣನ ಹೆಸರು ಕಲ್ಕತ್ತೆಗೆ ಹೋಯಿತು!

ಇಷ್ಟು ದಿನ ಕಳೆದರೂ ನಾನು ದಸರೆಯ ಖಂಡೇ ನವಮಿಯ ಆ ಬೆಳಗಿನಲ್ಲೇ ಇದ್ದೇನೆ. ಅಂಗಡಿಯ ಹತ್ಯಾರಗಳ ನಡುವೆ ಯಂತ್ರ ಕೂಡಿಸಿ, ಚೀಲ ಹೊರತೆಗೆದು ಒಂದೊಂದು ನಿರಿಗೆಗೂ ಕುಂಕುಮ ಹಚ್ಚಿದ್ದು, ನೀನು ಆರತಿ ಹಿಡಿದು ನಿಂತದ್ದು, ಬೀಗರಾಯರು ವೈಜನಾಥರು ಕಾಯಿ ಒಡೆದದ್ದು. ಓಣಿಯ ಮಂದಿ ಎಲ್ಲ ಬಾಗಿಲಲ್ಲಿ. ಚಾಲೂ ಮಾಡಿದರೆ ಹೊಟ್ಟಿನ ರಾಶಿ ಕಣ್ಣೆದುರೇ ಮಾಯ! ಸಲಾಕೆ ಎತ್ತಿದರೆ ಧೂಳು ದಬದಬ ಕೆಳಗೆ! ಅವ್ವ ಯಂತ್ರಕ್ಕೆ ದೃಷ್ಟಿ ತೆಗೆದಳು. ನಮ್ಮ ಮನೆಯಲ್ಲಿ ಪೂಜೆಯಾಗದೆ ಸುತ್ತಿಗೆ ಮೊಳೆ ಮುಟ್ಟುವುದಿಲ್ಲ, ಇನ್ನು ಇದನ್ನು ಪೂಜಿಸದೆ ಇರುವುದುಂಟೆ?

ಮೊನ್ನೆ ಬಸವಣಪ್ಪ ವಕೀಲರು ಅಂಗಡಿಗೆ ಬಂದವರು ಹೇಳಿದರು: "ತುಳಜಾರಾಮ್, ಇದಕ್ಕ ಪೇಟೆಂಟ್ ಮಾಡಿಸ್ರಿ, ಅದರ ಆಫೀಸ್ ಕಲ್ಕತ್ತಾದಾಗ ಅದ. ಹದಿನಾರು ವರ್ಷ ನಿಮ್ಮ ಹೊರತು ಯಾರೂ ಮಾಡಾಕ ಬರಂಗಿಲ್ಲ, ಮಾರಾಕ ಬರಂಗಿಲ್ಲ. ಮೊದಲ ಯಾರಿಗರ ತೋರಿಸೀರೇನು?"

"ಇಲ್ರಿ, ದೇವರಿಗಷ್ಟ" ಅಂದೆ. ನಕ್ಕರು, ಬರೆದರು.

ಕಂಡುಹಿಡಿದವರ ಹೆಸರು ಎಂಬಲ್ಲಿ ನನ್ನದನ್ನು ಬರೆಸಿದೆ. ನಿನ್ನದೂ ಬರೆಸಲೇ ಎಂದು ಒಂದು ಗಳಿಗೆ ಅನ್ನಿಸಿತು. ಮನೆತನದ ಹೆಣ್ಣುಮಗಳ ಹೆಸರು ಯಾವುದೋ ಊರಿನ ಕಚೇರಿಯಲ್ಲಿ ಯಾರ್ಯಾರದೋ ಬಾಯಲ್ಲಿ ಬೀಳುವುದು ನಿನಗೂ ಸೇರಲಿಕ್ಕಿಲ್ಲ ಅಂದುಕೊಂಡು ಬಿಟ್ಟೆ. ಸರಿಯಲ್ಲವೇ?

ತುಳಜಾರಾಮ

ಹುಮನಾಬಾದ
28 ಡಿಸೆಂಬರ್ 1964

ಅಣ್ಣಾ,

ಒಳ್ಳೆಯದಾಯಿತು. ಅವ್ವನಿಗೆ ಹೇಳು, ನಾನು ಖುಷಿಯಾಗಿದ್ದೇನೆ.

ಒಂದು ಕನಸು. ಯಾರದೋ ಮದುವೆಯ ಪಂಕ್ತಿ. ಅಡಿಗೆ ನಾನು ಮಾಡಿದ್ದು, ಬಡಿಸುತ್ತ ಹೋಗುತ್ತಿದ್ದೇನೆ, ಎಲ್ಲರೂ ಉಣ್ಣುತ್ತ ಹಾ ಹಾ ಅನ್ನುತ್ತಿದ್ದಾರೆ. ಒಬ್ಬರಿಗೂ ನಾನು ಕಾಣುತ್ತಿಲ್ಲ. ತಲೆಬುಡವಿಲ್ಲದ ಕನಸು, ಬಿಡು.

ಚಳಿ ಬಹಳ.

ಗಿರಿಜಾ

ಬಸವಕಲ್ಯಾಣ
17 ಆಗಸ್ಟ್ 1965

ಗಿರಿಜಾ,

ಎಂಟು ತಿಂಗಳಿಂದ ನಿನ್ನದೊಂದು ಸಾಲಿಲ್ಲ. ಪಂಚಮಿಗೂ ಬರಲಿಲ್ಲ. ಅವ್ವ ಕಟ್ಟಿದ ಜೋಕಾಲಿ ಹಾಗೇ ತೂಗಾಡಿತು.

ದುಬಲಗುಂಡಿಯ ಒಬ್ಬ ಒಕ್ಕಲಿಗ ಪಂಪ್ ರಿಪೇರಿಗೆ ಬಂದಿದ್ದ. "ಹುಮನಾಬಾದದಾಗ ಮೂರು ಮಿಲ್ಲಿನಾಗ ನಿಮ್ಮ ಮಶಿನ್ ನಡ್ಯಾಕತ್ತಾವ, ಭಾಳ ಚಲೋ ಅವ" ಎಂದು ಹೊಗಳಿದ. ನಾನು ಮಾಡಿದ್ದು ಒಂದೇ, ಅದು ನನ್ನ ಅಂಗಡಿಯಲ್ಲೇ ಇದೆ! ಯಾರೋ ಬದ್ಮಾಷ ನಕಲು ಹೊಡೆಯುತ್ತಿದ್ದಾನೆ. ಕುಂಬಾರಗ ವರುಷ, ದೊಣ್ಣೆಗೆ ನಿಮಿಷ ಅಂದ ಹಾಗಾಯಿತು. ಅಲ್ಲೇ ಇದ್ದೀ, ಯಾರು ಎಂದು ಕೇಳಿ ತಿಳಿಸು. ವೈಜನಾಥರಿಗೆ ಹೇಳಿದರೆ ಅವನ ಕಾಲರ್ ಹಿಡಿದು ತರುತ್ತಾರೆ.

ತುಳಜಾರಾಮ

ಹುಮನಾಬಾದ
30 ಆಗಸ್ಟ್ 1965

ಅಣ್ಣಾ,

ಇಲ್ಲಿ ಮಳೆ ಹಿಡಿದಿದೆ. ಹುಮನಾಬಾದ ದೊಡ್ಡ ಊರು, ಯಾರು ಏನು ಮಾಡುತ್ತಾರೆಂದು ಮನೆಯೊಳಗಿನ ಹೆಂಗಸಿಗೆ ಏನು ಗೊತ್ತಾಗಬೇಕು?

ಈಗೀಗ ಕನಸಿನಲ್ಲಿ ನಾನು ಬಸ್ಸಿನಲ್ಲಿ ಕೂತಿರುತ್ತೇನೆ. ಬಸ್ಸು ಕಲ್ಯಾಣದ ಕೋಟೆಯ ತನಕ ಬರುತ್ತದೆ, ತಿರುಗಿ ಹುಮನಾಬಾದಕ್ಕೆ ಹೋಗುತ್ತದೆ, ಮತ್ತೆ ಕೋಟೆಗೆ. ಎರಡೂ ಕಡೆ ನಿಲ್ಲುವುದಿಲ್ಲ. ಕಿಟಕಿಯ ಹೊರಗೆ ಜೋಳದ ಹೊಲ ಮಾತ್ರ ಚಂದ ಕಾಣುತ್ತದೆ. ಪಂಚಮಿಗೆ ಬರಬೇಕೆಂದು ಬಹಳ ಇತ್ತು.

ಗಿರಿಜಾ

ಬಸವಕಲ್ಯಾಣ
6 ಮಾರ್ಚ್ 1966

ಗಿರಿಜಾಬಾಯಿಗೆ,

ನಿನ್ನ ಕಾಗದ ಅಡ್ಡಗೋಡೆಯ ಮೇಲಿನ ದೀಪವೆಂದು ನನಗೆ ಆಗ ತಿಳಿಯಲಿಲ್ಲ. ಕೆಮ್ಮು ಹೆಚ್ಚಾಗಿ ತಲೆ ಮಂಕಾಗಿದೆಯೆಂದು ಆಡುಸೋಗೆಯ ಕಷಾಯ ಕಳಿಸಿದೆ. ಎಂಥ ಹುಚ್ಚ ನಾನು!

ಕಲ್ಕತ್ತೆಯಿಂದ ನೋಟಿಸು ಬಂದಿದೆ. ನನ್ನ ಅರ್ಜಿಗೆ ತಕರಾರು ಹಾಕಿದವರು ಶ್ರೀ ವೈಜನಾಥ, ದಾಲ್ ಮಿಲ್ ಮಾಲಿಕರು, ಹುಮನಾಬಾದ. ಅರ್ಜಿ ಕೊಡುವ ಮೊದಲೇ ಯಂತ್ರ ಖಂಡೇ ಪೂಜೆಯಲ್ಲಿ ನಾಲ್ಕು ಮಂದಿಯ ಎದುರು ನಡೆದಿದೆಯಂತೆ, ಚೀಲ ಎಲ್ಲರೂ ಕಂಡಿದ್ದಾರಂತೆ, ಆದ್ದರಿಂದ ಅದು ಹೊಸದಲ್ಲವಂತೆ. ಸಾಕ್ಷಿ ಯಾರು? ಕಾಯಿ ಒಡೆದವರೇ! ನನ್ನ ಮನೆಯ ಪ್ರಸಾದ ತಿಂದ ಬಾಯಿ!

ವಕೀಲರು ಹಣೆ ಬಡಿದುಕೊಂಡರು. "ದೇವರಿಗಷ್ಟ ಅಂದಿದ್ರಲ್ರಿ!" ಅಂದರು. ಪೂಜೆಗೆ ಬಂದ ಮಂದಿಗೆ ತೋರಿಸಿದ್ದು ಅಂತ ಯಾರಾದರೂ ಅನ್ನುತ್ತಾರೇನು ಗಿರಿಜಾ?

ಒಂದೇ ದಾರಿ ಉಳಿದಿದೆ. ಓಣಿಯ ಮಂದಿ ನನ್ನ ಪರ ಇದ್ದಾರೆ. ಆರತಿ ಹಿಡಿದವಳು ನೀನು. ಯಂತ್ರ ಹಾರ ಹಾಕಿಕೊಂಡು ಸುಮ್ಮನೆ ಕೂತಿತ್ತು, ನಡೆಯಲಿಲ್ಲ, ಚೀಲ ಹೊರತೆಗೆಯಲಿಲ್ಲ ಎಂದು ಪ್ರಮಾಣ ಮಾಡಿ ಹಲಫನಾಮೆಗೆ ಒಂದು ಸಹಿ ಹಾಕು. ಹೆಂಡತಿಯೇ ಹೇಳಿದ ಮೇಲೆ ಗಂಡನ ಮಾತು ನಿಲ್ಲುವುದಿಲ್ಲ. ಈ ಯಂತ್ರದ ಮೇಲೆ ನನ್ನ ಹೆಸರಿಲ್ಲದಿದ್ದರೆ ನಾನು ಸಾಯುವ ತನಕ ಊರವರ ಪಂಖಕ್ಕೆ ಎಣ್ಣೆ ಬಿಡುತ್ತ ಕೂಡಬೇಕು. ತವರು ಬೇಕೋ ಬೇಡವೋ, ನೀನೇ ನೋಡು.

ತುಳಜಾರಾಮ

ಹುಮನಾಬಾದ
21 ಮಾರ್ಚ್ 1966

ಅಣ್ಣಾ,

ಸಹಿ ಹಾಕುವುದಿಲ್ಲ. ಯಂತ್ರ ನಡೆಯಿತು. ಚೀಲ ಹೊರಗಿತ್ತು, ಕುಂಕುಮ ಹಚ್ಚಿದ ಬೆರಳಲ್ಲಿ ನನ್ನದೂ ಒಂದು.

ಇಷ್ಟಕ್ಕೇ ಕಾಗದ ಹರಿಯಬೇಡ, ಮುಂದೆ ಓದು. ಹೌದು, ನಕಲು ಮಾಡಿದವರು ನಮ್ಮ ಮನೆಯವರೇ. ಹಿತ್ತಲಿನ ಶೆಡ್ಡಿನಲ್ಲಿ ಮಾಡುತ್ತಾರೆ. ನಿನಗೆ ಬರೆಯಲು ಕೂತು ಎಷ್ಟೋ ಕಾಗದ ಹರಿದೆ. ಇತ್ತ ಬರೆದರೆ ಗಂಡನ ಮಾನ, ಬರೆಯದಿದ್ದರೆ ಅಣ್ಣನ ಅನ್ನ. ಅದಕ್ಕೇ ಮಳೆ, ಚಳಿ ಬರೆದೆ.

ಒಂದು ದಿನ ಇವರಿಗೆ ನಿಂತು ಕೇಳಿದೆ. "ನಮ್ಮಣ್ಣಂದು ಯಾಕ ಕದ್ರಿ?" ಅದಕ್ಕೆ ಇವರು, "ಕದಿಯೂದೇನು? ನಿಮ್ಮಣ್ಣ ಹೈದರಾಬಾದದಾಗ ಬಿಚ್ಚಿ ನೋಡಿ ಮಾಡಿದ್ರ ಅದು ಕಲಿಯೂದು, ನಾ ನಿಮ್ಮಣ್ಣಂದು ನೋಡಿ ಮಾಡಿದ್ರ ಅದು ಕಳವು. ಹ್ಯಾಂಗ?" ಅಂದರು. ಇದರ ಉತ್ತರ ನಿನಗೆ ಹೊಳೆದರೆ ಬರೆ.

ಇನ್ನೊಂದು ಹೇಳುತ್ತೇನೆ. ಕೆಮ್ಮು ಎರಡು ಸಲದ್ದಲ್ಲ. ರಕ್ತ ಬೀಳುವ ಮಟ್ಟಕ್ಕೆ ಹೋಗಿತ್ತು. ಇವರ ಯಂತ್ರ ಮಿಲ್ಲಿಗೆ ಬಂದ ಮೇಲೆ ಇಳಿದಿದೆ. ಈಗ ನಾನು ಯಾರಿಗೆ ಕೈ ಮುಗಿಯಲಿ, ಯಾರಿಗೆ ಶಾಪ ಹಾಕಲಿ?

ಆ ಯಂತ್ರಗಳ ಚೀಲಗಳನ್ನೂ ನಾನೇ ಹೊಲಿಯುತ್ತೇನೆ. ನಿನ್ನದಕ್ಕೂ ನಾನೇ, ಇವರದಕ್ಕೂ ನಾನೇ. ಇವರು ಹೊಲಿಯುವ ಕೈ ಕಂಡರು, ಕನಸು ಯಾರದೆಂದು ಕೇಳಲಿಲ್ಲ. ಅದು ನಿನ್ನದೇ ಬುದ್ಧಿ ಎಂದು ತಿಳಿದಿದ್ದಾರೆ. ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ನನಗೆ ಸೇರಲಿಕ್ಕಿಲ್ಲ ಅಂದುಕೊಂಡೆಯಲ್ಲ, ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಸೇರುತ್ತಿತ್ತು ಅಣ್ಣಾ. ಬಹಳ ಸೇರುತ್ತಿತ್ತು. ಇಬ್ಬರೂ ನನ್ನ ಚೀಲಕ್ಕಾಗಿ ಜಗ್ಗಾಡುತ್ತಿದ್ದೀರಿ, ಇಬ್ಬರ ಮೇಲೂ ನನಗೆ ಸಿಟ್ಟಿದೆ.

ತವರಿನ ಬಾಗಿಲು ಹಾಕುವುದಾದರೆ ಹಾಕು. ಅವ್ವನ ಮುಖವನ್ನು ಮಧ್ಯಾಹ್ನದ ಜೊಂಪಿನಲ್ಲಿ ನೋಡಿಕೊಳ್ಳುತ್ತೇನೆ.

ಗಿರಿಜಾ

ಬಸವಕಲ್ಯಾಣ
15 ಮೇ 1966

ಗಿರಿಜಾ,

ನಿನ್ನ ಕಾಗದ ಬಂದ ದಿನ ನಾನು ಹರಿಯಲಿಲ್ಲ, ಆದರೆ ಬೈದೆ. ಅವ್ವನಿಗೆ ಓದಿ ಹೇಳಿದೆ, ನನ್ನ ಪರ ನಿಲ್ಲುತ್ತಾಳೆಂದು. ಆಕೆ ಉಣ್ಣುವುದನ್ನು ನಿಲ್ಲಿಸಿ, "ರಕ್ತ ಬಿದ್ದಿತ್ತಂತ, ಅದರ ಬಗ್ಗಿ ಒಂದು ಮಾತು ಬರಲಿಲ್ಲಲ್ಲೋ ನಿನ್ನ ಬಾಯಾಗ" ಅಂದಳು. ನಿಜವಾಗಿಯೂ ಬಂದಿರಲಿಲ್ಲ. ನಾನು ಯಂತ್ರ ಹಿಡಿದದ್ದೇ ಅದಕ್ಕಾಗಿ, ನಡುವೆ ಎಲ್ಲೋ ಅದನ್ನೇ ಮರೆತುಬಿಟ್ಟಿದ್ದೆ.

ಮೊನ್ನೆ ಬೀದರದ ಕಚೇರಿಗೆ ಹೋದೆ. ಮ್ಯಾಜಿಸ್ಟ್ರೇಟರ ಎದುರು ಹಲಫನಾಮೆಗೆ ಸಹಿ ಮಾಡಬೇಕಿತ್ತು. ಎದುರಿನ ಬೆಂಚಿನಲ್ಲಿ ತಮ್ಮ ಹಲಫನಾಮೆ ಹಿಡಿದು ವೈಜನಾಥರೂ ಕೂತಿದ್ದರು. ಒಬ್ಬರನ್ನೊಬ್ಬರು ನೋಡದೆ ಇಬ್ಬರೂ ಗೋಡೆ ನೋಡಿದೆವು. ಕಚೇರಿಯ ಗುಮಾಸ್ತ, ಪೇಷ್ಕಾರ, ನನ್ನದನ್ನು ಓದಿದ. ಯಂತ್ರ ಪೂಜೆಯ ದಿನ ನಡೆಯಲಿಲ್ಲ ಎಂಬಲ್ಲಿಯ ತನಕ ನಾನು ಗಟ್ಟಿಯಾಗಿದ್ದೆ. ಆಮೇಲೆ "ಈ ಚೀಲವನ್ನು ಮೊದಲು ಕಂಡುಹಿಡಿದವನು ನಾನೇ" ಎಂಬ ಸಾಲು ಬಂತು. ಹೊರಗೆ ಬಿಸಿಲಿಗೆ ಕಚೇರಿಯೆಲ್ಲ ನೀರಿನೊಳಗಿದ್ದ ಹಾಗೆ ಅಲುಗಾಡುತ್ತಿತ್ತು. ಮಸಿಯಲ್ಲಿ ಅದ್ದಿ ಟಾಕು ಕೈಗೆ ಕೊಟ್ಟರು. ಹೌದು ಅನ್ನಲು ಬಾಯಿ ತೆರೆದೆ.

"ಅಲ್ರಿ ಸಾಹೇಬ್ರ, ನಮ್ಮ ತಂಗಿ" ಅಂದೆ.

ಮ್ಯಾಜಿಸ್ಟ್ರೇಟರಿಗೆ ಏನೂ ತಿಳಿಯಲಿಲ್ಲ. ಬಸವಣಪ್ಪ ವಕೀಲರು ನನ್ನ ಅಂಗಿ ಹಿಡಿದು ಎಳೆದರು. ನಾನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಚೀಲ ನಮ್ಮ ತಂಗಿ ಗಿರಿಜಾಬಾಯಿದ್ರಿ. ಪೂಜಿ ದಿನ ಮಶಿನ್ ನಡದದ್ದೂ ಖರೇರಿ." ಸಹಿ ಮಾಡದೆ ಟಾಕು ಕೆಳಗಿಟ್ಟೆ. ಅರ್ಜಿ ಸತ್ತಿತು. ಇನ್ನು ಆ ಯಂತ್ರವನ್ನು ಯಾರು ಬೇಕಾದರೂ ಮಾಡಬಹುದು, ನಾನೂ, ಅವರೂ, ದಾರಿಹೋಕನೂ.

ಹೊರಗೆ ಬೇವಿನ ಗಿಡದ ನೆರಳಲ್ಲಿ ನಿಂತಿದ್ದೆ. ವೈಜನಾಥರು ಬಂದು ಪಕ್ಕದಲ್ಲಿ ನಿಂತರು. "ಆಕಿ ನನಗ ಒಮ್ಮೆನೂ ಹೇಳಲಿಲ್ಲಲ್ರಿ" ಅಂದರು.

"ನೀವು ಕೇಳೀರೇನು?" ಅಂದೆ. ನಾನೂ ಕೇಳಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಒಂದೇ ಬಸ್ಸಿಗೆ ಬಂದೆವು. ಅವರು ಹುಮನಾಬಾದದಲ್ಲಿ ಇಳಿದ ಮೇಲೆ, ನನ್ನ ಟಿಕೀಟನ್ನೂ ಅವರೇ ತೆಗೆಸಿದ್ದಾರೆಂದು ಕಂಡಕ್ಟರ್ ಹೇಳಿದ.

ನನಗೆ ಬಹಳ ಸಂಕಟವಾಗಿದೆ, ಸುಳ್ಳು ಹೇಳುವುದಿಲ್ಲ. ಅಂಗಡಿಗೆ ಹೋಗಲು ಮನಸ್ಸಿಲ್ಲ. ಬಾಗಿಲು ಮಾತ್ರ ತೆರೆದಿದೆ. ಬಾ.

ಅಣ್ಣ

ಹುಮನಾಬಾದ
2 ಜೂನ್ 1966

ಅಣ್ಣಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ನನ್ನ ಹೆಸರು ಇರುವ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ನಿದ್ದೆ ಹೋಗಿದ್ದೆ.

ಇವರು ಬೀದರದಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತರು. "ಆ ಚೀಲ ನಿಂದಂತ?" ಅಂದರು. "ಹೌದ್ರಿ" ಅಂದೆ. ನನ್ನನ್ನು ಮೊದಲ ಸಲ ನೋಡಿದ ಹಾಗೆ ನೋಡಿದರು. ಮರುದಿನ ಮಿಲ್ಲು ನಿಂತ ಹೊತ್ತಿನಲ್ಲಿ ನಾನು ಜೊಂಪಿನಿಂದ ಕಣ್ಣು ಬಿಟ್ಟರೆ ಎದುರಿಗೇ ಕೂತಿದ್ದಾರೆ! ನಾನು ಏಳುವುದನ್ನೇ ಕಾಯುತ್ತಿದ್ದರು.

"ಏನರ ಬಿತ್ತೇನು ಕನಸು?"

"ಬಿತ್ರಿ."

"ಮಶಿನ್ನಿಂದೇನು?"

"ಹೌದ್ರಿ."

"ಹೇಳು ಮತ್ತ!"

"ಹೇಳಂಗಿಲ್ರಿ" ಅಂದೆ.

ಅವತ್ತಿನಿಂದ ಮೂರು ಸಲ ಚಹಾ ತಾವೇ ಮಾಡಿ ತಂದುಕೊಟ್ಟಿದ್ದಾರೆ. ಸಕ್ಕರೆ ಹೆಚ್ಚು. ಕುಡಿದೆ, ಹೇಳಲಿಲ್ಲ.

ಕನಸು ನಿಜವಾಗಿಯೂ ಬಿದ್ದಿದೆ ಅಣ್ಣಾ. ಚೀಲದ ಕನಸಿಗಿಂತ ದೊಡ್ಡದು, ಎಷ್ಟು ಚಂದವೆಂದರೆ ನೆನೆದರೆ ಮೈ ಹಗುರಾಗುತ್ತದೆ. ನಿನಗೂ ಹೇಳುವುದಿಲ್ಲ, ಈ ಸಲ ನಾನೇ ಮಾಡುತ್ತೇನೆ. ಸೋಮವಾರದ ಮೊದಲ ಬಸ್ಸಿಗೆ ಬರುತ್ತೇನೆ. ಅಂಗಡಿಯ ಕೀಲಿ ನನ್ನ ಕೈಗೆ ಕೊಟ್ಟು ನೀನು ಹೊರಗೆ ಕಟ್ಟೆಯ ಮೇಲೆ ಅವ್ವನ ಜೊತೆ ಕೂಡು. ತಗಡು ಕತ್ತರಿಸುವುದು ನನಗೆ ಬರುವುದಿಲ್ಲ, ಕೈ ಕೊಯ್ದುಕೊಳ್ಳುತ್ತೇನೆ, ಆಗ ಒದರುತ್ತೇನೆ. ಆದರೂ ಕರೆಯುವ ತನಕ ಕಿಂಡಿಯಲ್ಲಿ ಇಣುಕಬೇಡ.

ಗಿರಿಜಾಬಾಯಿ